ಮಾವನ ಕೋವಿಗೆ ಹೊಸ ನಳಿಗೆ

ಎಲ್ಲಕ್ಕೂ ಕಾರಣ ಅಂಗಿಯ ಮೂರನೆಯ ಗುಂಡಿ.

ಬೆಳಿಗ್ಗೆ ಹೆಂಡತಿ ಶಾಲೆಗೆ ಹೊರಡುವಾಗಲೇ ಅದರ ಮೇಲೆ ಕಣ್ಣಿಟ್ಟಿದ್ದಳು. "ರೀ, ಹೇಗೂ ರಜಾ ಹಾಕಿದ್ದೀರಲ್ಲ, ಮೂರೇ ಮೂರು ಕೆಲಸ," ಎಂದು ಚಪ್ಪಲಿ ಮೆಟ್ಟುತ್ತ ಹೇಳಿದಳು. ಅವಳು ಎಂಟನೆಯ ತರಗತಿಗೆ ಲೆಕ್ಕ ಹೇಳಿಕೊಡುವ ಟೀಚರು. ಮನೆಯಲ್ಲೂ ಬೆರಳು ಮಡಚದೆ ಮಾತಾಡುವುದಿಲ್ಲ. "ಒಂದು, ಆ ಗುಂಡಿ ಸಡಿಲ ಆಗಿದೆ, ಎರಡು ಹೊಲಿಗೆ ಹಾಕ್ಕೊಳ್ಳಿ. ಎರಡು, ಪ್ಲಂಬರ್ ಬರ್ತಾನೆ, ಅಡುಗೆಮನೆ ಪೈಪ್ ಸೋರೋದು ನಿಲ್ಲಿಸಿ. ಮೂರು, ಸಂಜೆ ಐದಕ್ಕೆ ಅಪ್ಪ ಬರ್ತಾರೆ, ಕೋವಿ ಧೂಳು ಹೊಡೀರಿ. ಬೇರೆ ಏನೂ ಮಾಡ್ಬೇಡಿ."

"ಬೇರೆ ಏನು ಮಾಡ್ತೀನಿ ನಾನು?" ಅಂದ ಗುಮಾಸ್ತ.

"ಅದು ಗೊತ್ತಿದ್ದಿದ್ರೆ ಈಗ್ಲೇ ಬೇಡ ಅಂದಿರ್ತಿದ್ದೆ."

ಕೋವಿ ಹಜಾರದ ಗೋಡೆಯ ಮೇಲಿತ್ತು. ಬಾಯಿಯ ಕಡೆಯಿಂದ ಮದ್ದು ಸುರಿದು, ಗುಂಡು ಇಳಿಬಿಟ್ಟು, ಗಜದ ಕಡ್ಡಿಯಿಂದ ಜಡಿದು ಹಾರಿಸುವ ಹಳೆಯ ಕಾಲದ ಕೋವಿ. ಎಂಟು ವರ್ಷದ ಹಿಂದೆ, ಮದುವೆಯ ಮಾರನೆಯ ದಿನ, ಮಾವ ಅದನ್ನು ಎರಡೂ ಕೈಯಲ್ಲಿ ಎತ್ತಿ ಅಳಿಯನ ಕೈಗಿಟ್ಟಿದ್ದರು. "ಕಾಗದಪತ್ರ ಎಲ್ಲ ನಾನು ನೋಡ್ಕೊಂಡಿದ್ದೀನಿ, ನಿಮಗೆ ಆ ಚಿಂತೆ ಬೇಡ. ಮಗಳನ್ನ ಕೊಟ್ಟಿದ್ದೀನಿ, ಕೋವಿ ಕೊಟ್ಟಿದ್ದೀನಿ. ಎರಡರಲ್ಲಿ ಯಾವುದಕ್ಕೆ ಒಂದು ಗೀರು ಬಿದ್ರೂ ಎರಡನ್ನೂ ವಾಪಸ್ ತೊಗೊಂಡು ಹೋಗ್ತೀನಿ," ಎಂದಿದ್ದರು. ನೆರೆದವರೆಲ್ಲ ನಕ್ಕಿದ್ದರು. ಗುಮಾಸ್ತ ನಗಲಿಲ್ಲ. ಕಚೇರಿಯಲ್ಲಿ ಕೂತು ಕೂತು, ಹಿರಿಯರು ಆಡಿದ್ದನ್ನೆಲ್ಲ ಆದೇಶವೆಂದೇ ಓದುವ ಅಭ್ಯಾಸ ಅವನಿಗೆ ಅಂಟಿಕೊಂಡುಬಿಟ್ಟಿತ್ತು.

ಅಂದಿನಿಂದ ವರ್ಷಕ್ಕೊಮ್ಮೆ ಮಾವ ತನಿಖೆಗೆ ಬರುತ್ತಿದ್ದರು. ಕೋವಿ ಇಳಿಸಿ, ಕನ್ನಡಕ ಏರಿಸಿ, ನಳಿಗೆಯ ಬಾಯಿಗೆ ಟಾರ್ಚು ಹಿಡಿದು ಒಂದು ಕಣ್ಣಲ್ಲಿ ಇಣುಕಿ, "ಹೂಂ" ಅನ್ನುತ್ತಿದ್ದರು. ಆಮೇಲೆ ಎದುರು ಮನೆಯ ಹೆಡ್ ಸಾಹೇಬರನ್ನು ಚಹಾಕ್ಕೆ ಕರೆಸಿ, ಆ ಕೋವಿಯಿಂದ ತಾವು ಒಂಟಿ ಹಂದಿಯನ್ನು ಹೊಡೆದ ಕತೆ ಹೇಳುತ್ತಿದ್ದರು. ಹೆಡ್ ಸಾಹೇಬರು ಪೊಲೀಸ್ ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್. ಹೇಳಿದ್ದನ್ನೆಲ್ಲ ಮುಖದಲ್ಲಿ ಏನೂ ತೋರಿಸದೆ ಕೇಳುವುದು ಅವರ ವೃತ್ತಿ. ಮೊದಲ ವರ್ಷ ಹಂದಿ ಕರುವಿನಷ್ಟಿತ್ತು. ಹೋದ ವರ್ಷದ ಹೊತ್ತಿಗೆ ಬೀರುವಿನಷ್ಟಾಗಿತ್ತು.

ಆ ಒಂದು "ಹೂಂ"ಗಾಗಿ ಗುಮಾಸ್ತ ವರ್ಷವಿಡೀ ಕಾಯುತ್ತಿದ್ದ. ಮಾವ ಅವನ ಬಗ್ಗೆ ಆಡಿದ ಒಂದೇ ಒಳ್ಳೆಯ ಮಾತು ಅದು. ಅದೂ ಕೋವಿಗೆ ಹೇಳಿದ್ದೋ ತನಗೆ ಹೇಳಿದ್ದೋ ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ.

ಒಂಬತ್ತೂ ಕಾಲಿಗೆ ಅವನು ಕೋವಿ ಇಳಿಸಿಕೊಂಡು, ಬಟ್ಟೆ ಹುಡುಕುತ್ತ ಮಲಗುವ ಕೋಣೆಗೆ ಹೋದ. ಬಗ್ಗಿದ. ಗುಂಡಿ ಕಳಚಿತು. ಬಿದ್ದಲ್ಲೇ ಬಿದ್ದಿರುವ ಬದಲು ಕೋಣೆಯ ಉದ್ದಕ್ಕೂ ಉರುಳಿ, ಶಾಲೆಗೆ ಹೋಗಲು ಮನಸ್ಸಿಲ್ಲದ ಮಗುವಿನಂತೆ ಕಬ್ಬಿಣದ ಬೀರುವಿನ ಕೆಳಗೆ ಸೇರಿಕೊಂಡಿತು.

ಕೈ ಹೋಗುವಷ್ಟು ಸಂದು ಇರಲಿಲ್ಲ. ಕೋವಿಯ ಬಾಯಿ ಹೋಗುವಷ್ಟು ಇತ್ತು. ಗುಮಾಸ್ತ ಬೋರಲು ಮಲಗಿ ನಳಿಗೆಯನ್ನು ತೂರಿಸಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಗುಡಿಸಿದ. ಒಂದು ಬಾಚಣಿಗೆ ಬಂತು, ಕಳೆದ ವರ್ಷ ಕಳೆದುಹೋಗಿದ್ದ ಒಂದು ಕಾಲುಚೀಲ ಬಂತು, ಗುಂಡಿ ಮಾತ್ರ ಬರಲಿಲ್ಲ. ಹಾಗಾದರೆ ಬೀರುವನ್ನೇ ಒಂದಿಷ್ಟು ಎತ್ತಿದರಾಯಿತು ಎಂದುಕೊಂಡು, ಕೋವಿಯನ್ನು ಸನ್ನೆಗೋಲಿನ ಹಾಗೆ ಕೊಟ್ಟು ಮೇಲಿನಿಂದ ಭಾರ ಬಿಟ್ಟ. ಬೀರು ಒಂದು ಬೆರಳು ಎದ್ದಿತು. ಆಮೇಲೆ ಬೀರು ಏಳುವುದು ನಿಂತಿತು. ಗುಮಾಸ್ತ ಇಳಿಯುವುದು ನಿಲ್ಲಲಿಲ್ಲ.

ಎತ್ತಿ ನೋಡಿದರೆ, ಹಂದಿಯನ್ನು ಕೆಡವಿದ ಆ ನಳಿಗೆ ಮೂಲೆಯಾಚೆ ಯಾರಿದ್ದಾರೆಂದು ಇಣುಕುವವನ ಕತ್ತಿನಂತೆ ಬಾಗಿತ್ತು.

ಅಷ್ಟರಲ್ಲಿ ಬಾಗಿಲಲ್ಲಿ ಪ್ಲಂಬರ್ ನಿಂತಿದ್ದ. ಹೆಗಲ ಮೇಲೆ ಚೀಲ, ಕಿವಿಯ ಮೇಲೆ ಪೆನ್ಸಿಲ್ಲು. ಅವನು ಗುಮಾಸ್ತನ ಮುಖ ನೋಡಲಿಲ್ಲ, ನಳಿಗೆ ನೋಡಿದ.

"ಸಾರ್, ಪೈಪ್ ಬಗ್ಗಿಸೋಕೆ ಮಷೀನ್ ಇದೆ ನನ್ನ ಹತ್ರ. ಹೇಳಿದ್ರೆ ತರ್ತಿರಲಿಲ್ವಾ?"

"ಪೈಪಲ್ಲಪ್ಪ ಇದು! ಕೋವಿ ನಳಿಗೆ."

ಪ್ಲಂಬರ್ ಕೈಗೆ ತೆಗೆದುಕೊಂಡು, ಉಗುರಿನಿಂದ ಕಪ್ಪು ಬಣ್ಣ ಕೆರೆದು, ಹಿಂಬದಿ ತಿರುಗಿಸಿ ನೋಡಿದ. "ಮುಕ್ಕಾಲು ಇಂಚು ಜಿ.ಐ. ಪೈಪು ಸಾರ್. ಹಿಂದ್ಗಡೆ ಹಾಕಿರೋದು ಎಂಡ್ ಕ್ಯಾಪು. ದಿನಕ್ಕೆ ಹತ್ತು ಹಾಕ್ತೀನಿ ನಾನು."

"ಲೋ, ನಿನಗೆ ಆನೆ ಸೊಂಡಿಲು ತೋರಿಸಿದ್ರೂ ನಲ್ಲಿ ಕೂರಿಸೋಕೆ ನೋಡ್ತೀಯ!" ಎಂಬ ದನಿ ಕಿಟಕಿಯ ಕಡೆಯಿಂದ ಬಂತು.

ಅದು ಪಕ್ಕದ ಮನೆಯ ಫೋರ್‌ಮನ್ನರದು. ದೊಡ್ಡ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಫೋರ್‌ಮನ್ ಆಗಿ ನಿವೃತ್ತರಾದವರು. ಕಾರ್ಖಾನೆ ಅವರನ್ನು ಬಿಟ್ಟಿತ್ತು, ಅವರು ಕಾರ್ಖಾನೆಯನ್ನು ಬಿಟ್ಟಿರಲಿಲ್ಲ. ಯಾರ ಮನೆಯಲ್ಲಿ ಕಬ್ಬಿಣದ ಸದ್ದಾದರೂ ಅವರ ತಲೆ ಕಾಂಪೌಂಡಿನ ಮೇಲೆ ಮೂಡುತ್ತಿತ್ತು.

ಎರಡು ನಿಮಿಷದಲ್ಲಿ ಅವರು ಒಳಗಿದ್ದರು. ನಳಿಗೆಯನ್ನು ಮೂಸಿ, ಬೆರಳಿನಿಂದ ತಟ್ಟಿ, ಕಿವಿಗಿಟ್ಟು ಕೇಳಿ, "ಅಸಲಿ!" ಅಂದರು.

"ಅಸಲಿ ಆದ್ರೆ ಇಷ್ಟು ಸುಲಭವಾಗಿ ಬಗ್ಗತ್ತಾ ಸಾರ್?" ಎಂದು ಗುಮಾಸ್ತ ಕೇಳಿದ.

"ಹಳೇ ಕಾಲದ ಮೆತು ಕಬ್ಬಿಣ ಕಣಪ್ಪ. ಗುಂಡು ಹೊರಗೆ ಹೋಗುವಾಗ ನಳಿಗೆ ಉಸಿರು ಬಿಡಬೇಕು. ಗಟ್ಟಿ ಕಬ್ಬಿಣ ಉಸಿರಾಡತ್ತಾ?"

ಪ್ಲಂಬರ್ ಏನೋ ಹೇಳಲು ಬಾಯಿ ತೆರೆದು, ಬಾಯಿಗೆ ಟೇಪಿನ ತುದಿ ಕಚ್ಚಿಕೊಂಡು, ಅಡುಗೆಮನೆಗೆ ಹೋದ.

ಫೋರ್‌ಮನ್ನರು ನಳಿಗೆಯನ್ನು ಕಿಟಕಿಯ ಸರಳಿನ ನಡುವೆ ಸಿಕ್ಕಿಸಿ, "ನೀನು ಆ ಕಡೆ ಎಳಿ, ನಾನು ಈ ಕಡೆ," ಎಂದರು. ಎಳೆದರು. ಏನೋ ನೆಟ್ಟಗಾದಂತೆ ಸದ್ದಾಯಿತು. ನೋಡಿದರೆ ನಳಿಗೆ ಇನ್ನಷ್ಟು ಬಾಗಿ, ಕಿಟಕಿಯ ಎರಡು ಸರಳುಗಳ ನಡುವೆ ಬೆಕ್ಕು ನೆಂಟರೊಡನೆ ಓಡಾಡುವಷ್ಟು ಜಾಗವಾಗಿತ್ತು.

"ಇನ್ನು ನಳಿಗೇನೇ ಬದಲಾಯಿಸಬೇಕು," ಎಂದು ಫೋರ್‌ಮನ್ನರು ವೈದ್ಯರ ದನಿಯಲ್ಲಿ ಹೇಳಿದರು. "ಹೆದರಬೇಡ. ನಾನಿದ್ದೀನಿ."

ಗುಮಾಸ್ತನಿಗೆ ಹೆದರಿಕೆ ಶುರುವಾದದ್ದೇ ಆಗ.

ಬೀದಿಯ ಕೊನೆಯಲ್ಲಿ ಹಳೇ ಸಾಮಾನಿನ ಅಂಗಡಿ. ಮನೆಗಳಿಲ್ಲದ ಬಾಗಿಲುಗಳು, ಒಂದೊಂದಕ್ಕೂ ತನ್ನದೇ ಹೊತ್ತಿರುವ ಗಡಿಯಾರಗಳು, ಮೂರು ಕಾಲಿನ ಕುರ್ಚಿಗಳು. ಒಳಗೆ ಅರ್ಧ ಗಂಟೆ ಹುಡುಕಿದರೂ ಸಿಗದದ್ದು ಹೊರಗೆ ಬರುವಾಗ ಗುಮಾಸ್ತನ ಹಣೆಗೆ ಬಡಿಯಿತು. ಅಂಗಡಿಯ ಮುಂದಿನ ತಾರ್ಪಾಲಿಗೆ ಆನಿಕೆಯಾಗಿ, ಒಂದು ಹಳೆಯ ಪೆಟ್ಟಿಗೆಯ ಮೇಲೆ ನೆಟ್ಟಗೆ ನಿಂತಿತ್ತು, ಎಂಟು ಮುಖದ ಒಂದು ದಪ್ಪ ನಳಿಗೆ.

"ಅದು ಮಾರೋದಲ್ಲ ಸ್ವಾಮಿ," ಎಂದು ಅಂಗಡಿಯವನು ಅಡ್ಡ ಬಂದ. "ಎಂಟು ವರ್ಷದಿಂದ ನನ್ನ ಅಂಗಡಿ ಅದರ ಮೇಲೇ ನಿಂತಿದೆ. ಬೇಕೇ ಬೇಕು ಅಂದ್ರೆ ಬದಲಿಗೆ ಗಟ್ಟಿಯಾಗಿರೋ ಒಂದು ಕಂಬ ತಂದಿಟ್ಟು ತೊಗೊಂಡು ಹೋಗಿ."

"ತಂದಾಯ್ತು ಅಂತಲೇ ಇಟ್ಕೋ," ಎಂದು ಫೋರ್‌ಮನ್ನರು ನಳಿಗೆಯನ್ನು ಸೆಳೆದೇಬಿಟ್ಟರು. ತಾರ್ಪಾಲು ಕುಸಿಯಿತು. ಗುಮಾಸ್ತ ಎರಡೂ ಕೈ ಎತ್ತಿ ತಡೆದ. ಹಾಗೆ ತಡೆದವನು ಮುಂದಿನ ನಲವತ್ತು ನಿಮಿಷ ಹಾಗೆಯೇ ನಿಂತಿದ್ದ. ಫೋರ್‌ಮನ್ನರು ನಳಿಗೆ ಹೆಗಲಿಗೇರಿಸಿಕೊಂಡು, "ನಿಮ್ಮನೇಲಿ ಏನಾದ್ರೂ ಸಿಗತ್ತಾ ನೋಡ್ಕೊಂಡು ಬರ್ತೀನಿ," ಎಂದು ಹೊರಟುಹೋಗಿದ್ದರು.

ಗಿರಾಕಿಗಳು ಅವನ ಕಂಕುಳ ಕೆಳಗಿನಿಂದ ನುಸುಳಿ ಓಡಾಡಿದರು. ಒಬ್ಬಾಕೆ ತನ್ನ ಚೀಲವನ್ನು ಅವನ ಮೊಣಕೈಗೆ ತೂಗುಹಾಕಿ ಒಳಗೆ ಹೋದಳು. ಆಗಲೇ ಎದುರಿನಿಂದ ಹೆಡ್ ಸಾಹೇಬರ ಸೈಕಲ್ಲು ಬಂದು ನಿಂತಿತು. ಗುಮಾಸ್ತನ ಎತ್ತಿದ ಕೈಗಳನ್ನು ಅವರು ಅಭ್ಯಾಸಬಲದಿಂದ ಒಂದು ಕ್ಷಣ ಮೆಚ್ಚಿಕೊಂಡರು.

"ಏನ್ ಗುಮಾಸ್ತರೇ, ರಜಾನಾ?"

"ಹೌದು ಸಾಹೇಬ್ರೆ. ಸುಮ್ನೆ... ಗಾಳಿಗೆ ನಿಂತಿದ್ದೆ."

"ನಿಮ್ಮ ಮಾವ ಬರ್ತಾರಂತೆ, ಸಂಜೆ ಚಹಾಕ್ಕೆ ಬರ್ತೀನಿ. ಹಂದಿ ಈ ಸಲ ಎಷ್ಟು ದೊಡ್ಡದಾಗಿದೆಯೋ ನೋಡೋಣ," ಎಂದು ಹೇಳಿ ಸೈಕಲ್ಲು ತುಳಿದರು.

ಕೊನೆಗೆ ಫೋರ್‌ಮನ್ನರು ಒಂದು ಉದ್ದನೆಯ ಹಿತ್ತಾಳೆ ಕೋಲಿನೊಡನೆ ಬಂದರು. ಅದನ್ನು ಎಲ್ಲೋ ನೋಡಿದ್ದೇನಲ್ಲ ಎಂದು ಗುಮಾಸ್ತನಿಗೆ ಅನ್ನಿಸಿತು. ಮನೆಗೆ ಬಂದ ಮೇಲೆ ಎಲ್ಲಿ ಎಂಬುದು ತಿಳಿಯಿತು. ಹಜಾರದ ಪರದೆ ನೆಲದ ಮೇಲೆ ಮೂರ್ಛೆ ಬಿದ್ದಂತೆ ಬಿದ್ದಿತ್ತು.

ಅಡುಗೆಮನೆಯಲ್ಲಿ ಪ್ಲಂಬರ್ ಮೂಲೆಯ ಕಂಬದ ಮುಂದೆ ಕೂತು ಗೊಣಗುತ್ತಿದ್ದ. ಕಂಬ ಬಳಸಿಕೊಂಡು ಹೋಗುವಲ್ಲಿ ಎರಡು ಎಲ್ಬೋ ಇವೆ, ಸೋರುವುದೆಲ್ಲ ಆ ಜೋಡಣೆಗಳಲ್ಲೇ, ಒಂದೇ ಬಾಗಿದ ಪೈಪು ಸಿಕ್ಕಿದರೆ ಈ ಜನ್ಮದಲ್ಲಿ ಸೋರುವುದಿಲ್ಲ ಎಂದು ಸಿಂಕಿಗೆ ವಿವರಿಸುತ್ತಿದ್ದ. ಬೇರೆ ಯಾರೂ ಕೇಳುತ್ತಿರಲಿಲ್ಲ.

ಹಜಾರದಲ್ಲಿ ಶಸ್ತ್ರಚಿಕಿತ್ಸೆ ಶುರುವಾಯಿತು. ಅಡ್ಡ ಮೊಳೆಗಳನ್ನು ತಟ್ಟಿ ತೆಗೆದು ಬಾಗಿದ ನಳಿಗೆಯನ್ನು ಬಿಡಿಸಿದರು. ಕೋವಿಯ ಮರದಲ್ಲಿ ನಳಿಗೆ ಕೂರುವ ತೋಡಿನ ತುಂಬ ಮೇಣದಂಥ ಏನೋ ಗಟ್ಟಿಯಾಗಿತ್ತು. ಅಲ್ಲಲ್ಲಿ ಮರದ ಚಕ್ಕೆ ತುರುಕಿದ್ದರು.

"ಇದ್ಯಾಕೆ ಸಾರ್?"

"ಹೊಡೆತ ಹೀರ್ಕೊಳ್ಳೋಕೆ. ಗುಂಡು ಹಾರಿದಾಗ ಭುಜಕ್ಕೆ ಒದೀಬಾರದಲ್ಲ," ಎಂದರು ಫೋರ್‌ಮನ್ನರು, ಒಂದು ಕ್ಷಣವೂ ಯೋಚಿಸದೆ. "ಇದನ್ನೆಲ್ಲ ಕೆರೀಬೇಕು. ಈ ನಳಿಗೆ ದಪ್ಪ. ನಾನು ಎಂಟು ಮೂಲೆ ಕೆತ್ತಿ ಕೂರಿಸ್ತೀನಿ, ನೋಡ್ತಿರು."

ಕೆರೆಯುವುದು ಗುಮಾಸ್ತನ ಪಾಲಿಗೆ, ನೋಡುತ್ತಿರುವುದು ಫೋರ್‌ಮನ್ನರ ಪಾಲಿಗೆ ಬಂತು. ನಳಿಗೆ ಮರಕ್ಕೆ ಎಲ್ಲಿ ತಗಲುತ್ತದೆ ಎಂದು ತಿಳಿಯಲು ಮಸಿ ಹಚ್ಚಿ ಒತ್ತಿ ನೋಡಬೇಕಂತೆ. ಮನೆಯಲ್ಲಿದ್ದ ಮಸಿಯೆಂದರೆ ಹೆಂಡತಿಯ ಕಾಡಿಗೆಯ ಡಬ್ಬಿ. ನಳಿಗೆಗೆ ಕಾಡಿಗೆ ಬಳಿಯುವುದು, ತೋಡಿನಲ್ಲಿ ಕೂರಿಸುವುದು, ಎತ್ತುವುದು, ಕಪ್ಪಾದಲ್ಲಿ ಉಳಿಯಿಂದ ಕೆರೆಯುವುದು, ಉಪ್ಪು ಕಾಗದ ಉಜ್ಜುವುದು, ಮತ್ತೆ ಕಾಡಿಗೆ. ಮಧ್ಯಾಹ್ನದ ಹೊತ್ತಿಗೆ ನಳಿಗೆಗೂ ಗುಮಾಸ್ತನಿಗೂ ಕಣ್ಣು, ಮೂಗು, ಕೆನ್ನೆ ಎಲ್ಲ ಒಂದೇ ಬಣ್ಣವಾಗಿತ್ತು. ಊಟದ ನೆನಪಾದಾಗ ಅನ್ನದ ಪಾತ್ರೆಯಲ್ಲಿ ಕಬ್ಬಿಣ ಉಜ್ಜುವ ಅರ ಬಿದ್ದಿತ್ತು.

ವಿಚಿತ್ರವೆಂದರೆ, ಮೇಣವೆಲ್ಲ ಹೋದ ಮೇಲೆ ಕೆತ್ತುವುದಕ್ಕೆ ಏನೂ ಉಳಿಯಲಿಲ್ಲ. ತೋಡು ತಾನಾಗಿಯೇ ಎಂಟು ಮೂಲೆಯದಾಗಿತ್ತು. ನಳಿಗೆ ಅದರೊಳಗೆ, ತವರಿಗೆ ಬಂದ ಮಗಳು ತನ್ನ ಹಳೆಯ ಹಾಸಿಗೆಯ ಮೇಲೆ ಬಿದ್ದುಕೊಳ್ಳುವಂತೆ, ಒಂದು ನಿಟ್ಟುಸಿರಿನೊಡನೆ ಕೂತುಬಿಟ್ಟಿತು. ಅಡ್ಡ ಮೊಳೆಯ ತೂತಿಗೆ ತೂತು ಸರಿಯಾಯಿತು. ಕೋವಿಯ ಸುತ್ತಿಗೆಯಂಥ ಕುದುರೆಯನ್ನು ಎತ್ತಿ ಬಿಟ್ಟರೆ, ಎಂಟು ವರ್ಷ ಗಾಳಿಗೆ ತಲೆ ಬಡಿದುಕೊಳ್ಳುತ್ತಿದ್ದ ಆ ಕುದುರೆ ಮದ್ದಿಗೆ ಕಿಡಿ ಕೊಡುವ ಕೇಪು ಕೂರುವ ಮೊಳೆಯ ನೆತ್ತಿಗೆ ಸರಿಯಾಗಿ "ಟಕ್" ಎಂದು ಬಡಿಯಿತು.

"ಹೇಗಿದೆ ಕೈ?" ಎಂದು ಫೋರ್‌ಮನ್ನರು ತಮ್ಮ ಕೈಯನ್ನು ತಾವೇ ತಿರುಗಿಸಿ ನೋಡಿಕೊಂಡರು. "ಎಲ್ಲಿಯದೋ ನಳಿಗೆ, ಎಲ್ಲಿಯದೋ ಮರ. ಕೂದಲು ಹೋಗೋಕೆ ಜಾಗ ಇಲ್ಲ!"

ಗುಮಾಸ್ತನ ಕಣ್ಣು ನಳಿಗೆಯ ಹಿಂಬದಿಯ ಮೇಲೆ ಬಿತ್ತು. ಅಲ್ಲಿ ಯಾರೋ ಮೊಳೆಯಿಂದ ಗೀಚಿದ್ದ ಒಂದು ಚಿತ್ರವಿತ್ತು, ಆಲೂಗಡ್ಡೆಗೆ ನಾಲ್ಕು ಕಾಲು ಬಂದ ಹಾಗೆ.

"ಆನೆ ಛಾಪು," ಎಂದರು ಫೋರ್‌ಮನ್ನರು. "ದೊಡ್ಡ ಕಂಪನಿ. ಈಗ ಮುಚ್ಚಿಹೋಗಿದೆ."

ಕೈ ಒರೆಸಿಕೊಳ್ಳುತ್ತ ಬಂದ ಪ್ಲಂಬರ್ ಬಗ್ಗಿ ನೋಡಿ, "ಹಂದಿ ಥರ ಇದೆಯಲ್ಲ ಸಾರ್," ಅಂದ.

"ನೀನು ನಿನ್ನ ಕೆಲಸ ನೋಡೋ!"

"ಅದಕ್ಕೇ ಬಂದೆ. ಈ ಬಗ್ಗಿರೋ ಪೈಪು ಬೇಡ ತಾನೇ?"

"ತೊಗೊಂಡು ಹೋಗಿ ಎಲ್ಲಾದ್ರೂ ಹಾಕು ಮಾರಾಯ, ಕಣ್ಣಿಗೆ ಬೀಳಬಾರದು," ಎಂದ ಗುಮಾಸ್ತ. ಅವನಿಗೆ ಅದು ಹೆಣದಂತೆ ಕಾಣುತ್ತಿತ್ತು.

ಪ್ಲಂಬರ್ ಅದನ್ನು ಎತ್ತಿಕೊಂಡು ಹೋದ. ಅರ್ಧ ಗಂಟೆಯ ಮೇಲೆ ಹೊರಡುವಾಗ, "ಅಂಟು ಹಾಕಿದ್ದೀನಿ, ಒಣಗಬೇಕು. ವಾಲ್ವು ಐದೂವರೆಗೆ ತಿರುಗಿಸಿ. ಮೊದಲು ಒಂದೆರಡು ಸಲ ಕೆಮ್ಮತ್ತೆ, ಹೆದರಬೇಡಿ," ಎಂದು ಹೇಳಿದ. ಗುಮಾಸ್ತ ತಲೆಯಾಡಿಸಿದ. ಅವನು ಆಗ ಹೊಸ ನಳಿಗೆ ಹಳೆಯದರಂತೆ ಕಾಣಲೆಂದು ಬೂಟ್ ಪಾಲಿಶ್ ಹಚ್ಚುತ್ತಿದ್ದ. ಆನೆ ಛಾಪಿನ ಮೇಲೆ ಎರಡು ಕೈ ಹೆಚ್ಚೇ ಹಚ್ಚಿದ.

ನಾಲ್ಕೂವರೆಗೆ ಹೆಂಡತಿ ಬಂದಳು. ಬಾಗಿದ ಕಿಟಕಿ ನೋಡಿದಳು, ಬರಿದಾದ ಪರದೆಯ ಜಾಗ ನೋಡಿದಳು, ನೆಲದ ಮೇಲಿನ ಮರದ ಹೊಟ್ಟು, ತನ್ನ ಕಾಡಿಗೆ ಡಬ್ಬಿ, ಮತ್ತು ತನ್ನ ಗಂಡನಂತೆ ಕಾಣುತ್ತಿದ್ದ ಒಂದು ಕಪ್ಪು ಆಕೃತಿಯನ್ನು ನೋಡಿದಳು. ಬೈಯಲು ಯಾವುದರಿಂದ ಶುರು ಮಾಡಬೇಕೆಂದು ತಿಳಿಯದೆ ಅಡುಗೆಮನೆಗೆ ಹೋದಳು. ಅಲ್ಲಿಂದ ಬಂದ ದನಿ ಬೇರೆಯೇ ಆಗಿತ್ತು.

"ರೀ! ಬಕೆಟ್ ಒಣಗಿದೆ! ಎಷ್ಟು ಚೆನ್ನಾಗಿ ಬಳಸಿ ಹಾಕಿದ್ದಾನೆ ಪೈಪು! ಒಂದು ಕೆಲಸ ಆದ್ರೂ ಮಾಡ್ಸಿದ್ರಲ್ಲ."

ಗುಮಾಸ್ತ ಮುಖ ತೊಳೆಯಲು ಹೋದ. ಅರ್ಧ ತೊಳೆಯುವಷ್ಟರಲ್ಲಿ ಮಾವ ಬಂದರು.

ಮಾವನಿಗಿಂತ ಮೊದಲು ಮಾವನ ಮೀಸೆ ಬಂತು, ಆಮೇಲೆ ಊರುಗೋಲು. ಹಿಂದೆಯೇ ಹೆಡ್ ಸಾಹೇಬರು. ಹೊರಗೆ ಕಾಂಪೌಂಡಿನ ಮೇಲೆ ಫೋರ್‌ಮನ್ನರ ತಲೆ, ಹೊಗಳಿಕೆ ಬಿದ್ದರೆ ಹಿಡಿದುಕೊಳ್ಳಲು ಸಿದ್ಧವಾಗಿ. ಚಹಾ ಬಂತು. ಮಾವ ಕುರ್ಚಿಯ ತುದಿಗೆ ಸರಿದು ಕೈ ಚಾಚಿದರು. "ಎಲ್ಲಿ, ಕೊಡಿ."

ಗುಮಾಸ್ತ ಕೋವಿ ಕೊಟ್ಟ. ಮಾವ ತೂಗಿ ನೋಡಿದರು. ಹುಬ್ಬು ಒಂದಿಷ್ಟು ಏರಿತು. ಅಭ್ಯಾಸದಂತೆ ಮೊದಲು ಕೆನ್ನೆಗೆ ಆನಿಸಿ ಗುರಿ ಹಿಡಿದರು. ಇಳಿಸಿದಾಗ ಒಂದು ಕೆನ್ನೆಯೂ ಅರ್ಧ ಮೀಸೆಯೂ ಬೂಟಿನಂತೆ ಹೊಳೆಯುತ್ತಿದ್ದವು. ಯಾರೂ ಹೇಳಲಿಲ್ಲ. ಕನ್ನಡಕ ಏರಿತು, ಟಾರ್ಚು ಬಂತು, ಒಂದು ಕಣ್ಣು ಮುಚ್ಚಿತು. 

"ಹೂಂ" ಬರಲಿಲ್ಲ.

ಮಾವ ಇನ್ನೊಂದು ಕಣ್ಣಿನಲ್ಲಿ ನೋಡಿದರು. ಆಮೇಲೆ ಹೆಬ್ಬೆರಳಿನಿಂದ ನಳಿಗೆಯ ಹಿಂಬದಿಯನ್ನು ಮೆಲ್ಲಗೆ ಉಜ್ಜಿದರು. ಪಾಲಿಶ್ ಹೋಯಿತು. ನಾಲ್ಕು ಕಾಲಿನ ಆಲೂಗಡ್ಡೆ ಅವರನ್ನು ನೋಡಿತು. ಅವರ ಮುಖದಲ್ಲಿ ಪಾಲಿಶ್ ಇಲ್ಲದ ಭಾಗವೆಲ್ಲ ಬಿಳಿಚಿಕೊಂಡಿತು.

"ಇದನ್ನ... ಎಲ್ಲ್ ಹಿಡಿದ್ರಿ?"

"ಇದೇ ಮಾವ, ನೀವು ಕೊಟ್ಟಿದ್ದೇ. ಒಳಗಡೆ ಸ್ವಲ್ಪ ಒರೆಸ್ದೆ."

"ಒರೆಸಿದ್ರೆ ಒಳಗೆ ಸುರುಳಿ ಗೀರು ಮೂಡ್ತಾವಾ ಅಳಿಯಂದಿರೇ?"

ಹೆಡ್ ಸಾಹೇಬರು ಲೋಟ ಕೆಳಗಿಟ್ಟು, ಕೈ ಚಾಚಿ ನಳಿಗೆಯನ್ನು ಉಗುರಿನಿಂದ ತಟ್ಟಿದರು. "ಇದು ಪೈಪಲ್ಲವಲ್ಲ," ಅಂದರು.

"ಪೈಪಾ?" ಎಂದ ಗುಮಾಸ್ತ.

"ಪೈಪೇ ಅಲ್ವಾ ಇದ್ದಿದ್ದು?" ಎಂದು ಹೆಂಡತಿ ಬಿಸ್ಕತ್ತಿನ ತಟ್ಟೆ ಇಡುತ್ತ ಕೇಳಿದಳು. "ಅಸಲಿ ನಳಿಗೇನ ನಮ್ಮ ಮದುವೆಗೆ ಮುಂಚೆನೇ ಅಮ್ಮ ಹಳೇ ಸಾಮಾನಿನ ಅಂಗಡಿಗೆ ಕೊಡಿಸಿಬಿಟ್ರಲ್ಲ. ಅಪ್ಪ ಹಂದಿಗೆ ಹೊಡೆಯೋಕೆ ಹೋಗಿ, ಕೋವಿ ಒದ್ದ ಏಟಿಗೆ ಹಿಂದಿನ ಹಳ್ಳಕ್ಕೆ ಬಿದ್ದು, ಆರು ವಾರ ಕೈಗೆ ಜೋಳಿಗೆ ಕಟ್ಕೊಂಡಿದ್ರು. ಹಂದಿ ಬಂದು ಇಣುಕಿ ನೋಡ್ಕೊಂಡು ಹೋಯ್ತಂತೆ."

"ಇಣುಕಿಲ್ಲ," ಎಂದರು ಮಾವ ಸಣ್ಣ ದನಿಯಲ್ಲಿ. "ದೂರದಿಂದ ನೋಡ್ತು." ಆಮೇಲೆ ಗೀಚಿದ ಚಿತ್ರದ ಮೇಲೆ ಬೆರಳಿಟ್ಟು, "ಆ ಆರು ವಾರದಲ್ಲಿ ಎಡಗೈಲಿ ಬರೆದಿದ್ದು ಇದು," ಎಂದರು.

"ನಿನಗೆ ಗೊತ್ತಿತ್ತಾ?" ಗುಮಾಸ್ತ ಹೆಂಡತಿಯ ಕಡೆ ತಿರುಗಿದ.

"ನಿಮಗೆ ಗೊತ್ತಿಲ್ಲ ಅಂತ ನನಗೆ ಗೊತ್ತಿರ್ಲಿಲ್ಲ. ಎಂಟು ವರ್ಷ ಎಣ್ಣೆ ಹಚ್ತಿದ್ರಲ್ಲ, ಅಪ್ಪನ ಮನಸ್ಸಿಗೆ ನೋವಾಗ್ಬಾರ್ದು ಅಂತ ಅಂದ್ಕೊಂಡಿದ್ದೆ."

ಕಾಂಪೌಂಡಿನ ಮೇಲಿದ್ದ ತಲೆ, ಹೊತ್ತು ಮುಳುಗುವಂತೆ ನಿಧಾನವಾಗಿ ಕೆಳಗಿಳಿಯಿತು.

ಹೆಡ್ ಸಾಹೇಬರು ಈಗ ಚಹಾ ಕುಡಿಯುವ ಮುಖ ತೆಗೆದಿಟ್ಟು ಠಾಣೆಯ ಮುಖ ಹಾಕಿಕೊಂಡಿದ್ದರು. "ನೋಡಿ ಗುಮಾಸ್ತರೇ. ಎಂಟು ವರ್ಷದ ಹಿಂದೆ ನಿಮ್ಮ ಮಾವನೋರು ಬಂದು ಹೇಳಿದ್ದಕ್ಕೆ ನಾನೇ ಪುಸ್ತಕದಲ್ಲಿ ಬರ್ಕೊಂಡಿದ್ದೀನಿ. ಗೋಡೆಗೆ ತೂಗುಹಾಕುವ ಮರ, ಒಂದು. ಅದಕ್ಕೆ ನೀರಿನ ಪೈಪು, ಒಂದು, ನೆಟ್ಟಗಿರುವುದು. ಈಗ ಇಲ್ಲಿರೋದು ಲೈಸೆನ್ಸ್ ಇಲ್ಲದ ಕೋವಿ."

"ಆದ್ರೆ ಸಾಹೇಬ್ರೆ, ಎಂಟು ವರ್ಷದಿಂದ ಅದು ಬೀದೀಲೇ ನಿಂತಿತ್ತಲ್ಲ! ದಿನಾ ನೀವು ಅದರ ಮುಂದೇನೇ ಸೈಕಲ್ ತುಳೀತಿದ್ರಿ."

"ಅಲ್ಲಿ ಅದು ಕಂಬ. ಕಂಬಕ್ಕೆ ಲೈಸೆನ್ಸ್ ಬೇಡ. ಇಲ್ಲಿ ಮರ ಸೇರ್ತು, ಕುದುರೆ ಸೇರ್ತು. ಅಪರಾಧ ಆಯ್ತು." ಅವರು ಎದ್ದು ಕನ್ನಡಕ ತೆಗೆದು ಜೇಬಿಗಿಟ್ಟರು. "ಕನ್ನಡಕ ಇಲ್ದೆ ನನಗೆ ಏನೂ ಕಾಣಲ್ಲ. ನಾಳೆ ಬೆಳಿಗ್ಗೆ ಹತ್ತಕ್ಕೆ ಹಾಕ್ಕೊಂಡು ಬರ್ತೀನಿ. ಪುಸ್ತಕದಲ್ಲಿ ಹೇಗಿದೆಯೋ ಗೋಡೆ ಮೇಲೆ ಹಾಗೇ ಇರ್ಬೇಕು. ನೆಟ್ಟಗೆ."

ಗುಮಾಸ್ತ ಮನಸ್ಸಿನಲ್ಲೇ ಕಡತ ಹಿಂದಕ್ಕೆ ಮಗುಚಿದ. ನಳಿಗೆ ಅಂಗಡಿಯ ತಾರ್ಪಾಲಿಗೆ ಹೋಗಬೇಕು. ತಾರ್ಪಾಲಿನ ಹಿತ್ತಾಳೆ ಕೋಲು ಪರದೆಗೆ ಬರಬೇಕು. ತೋಡಿಗೆ ಮತ್ತೆ ಮೇಣ ತುಂಬಬೇಕು. ಪೈಪು... ಪೈಪೆಲ್ಲಿ? "ತೊಗೊಂಡು ಹೋಗಿ ಎಲ್ಲಾದ್ರೂ ಹಾಕು," ಎಂದು ತಾನೇ ಹೇಳಿದ್ದು ನೆನಪಾಗಿ, ಅವನ ದೃಷ್ಟಿ ಮೆಲ್ಲಗೆ ಅಡುಗೆಮನೆಯ ಕಡೆ ಹೊರಳಿತು. ಕಂಬವನ್ನು ಬಳಸಿಕೊಂಡು, ಬಾಗಿದ ಕತ್ತಿನಿಂದ, ಮಾವನ ಕೋವಿ ಅವನನ್ನೇ ಇಣುಕಿ ನೋಡುತ್ತಿತ್ತು.

ಅವನ ದೃಷ್ಟಿ ಹೋದ ದಾರಿಯನ್ನು ಹೆಂಡತಿ ಹಿಡಿದಳು. "ಆ ಪೈಪ್ ಮುಟ್ಟಿ ನೋಡೋಣ! ಮೂರು ವಾರ ಬಕೆಟ್ ಎತ್ತಿದ್ದು ನಾನು."

ಮಾವ ಅಳಿಯನ ತೋಳು ಹಿಡಿದು ಪಕ್ಕಕ್ಕೆಳೆದರು. ಎಂಟು ವರ್ಷದಲ್ಲಿ ಮೊದಲ ಬಾರಿಗೆ ಅವರ ದನಿಯಲ್ಲಿ ವಿನಂತಿಯಿತ್ತು. "ಅಳಿಯಂದಿರೇ, ಏನಾದ್ರೂ ಮಾಡಿ. ಆ ನಳಿಗೆ ಮತ್ತೆ ಮನೆಗೆ ಬಂದಿದೆ ಅಂತ ನಿಮ್ಮತ್ತೆಗೆ ಗೊತ್ತಾಗಬಾರದು." ಅಷ್ಟು ಹೇಳುವುದರೊಳಗೆ ಗಂಟಲು ಒಣಗಿ, ಮಗಳ ಕಡೆ ತಿರುಗಿದರು. "ಒಂದು ಲೋಟ ನೀರು ಕೊಡಮ್ಮ."

ಗಡಿಯಾರ ಐದೂವರೆ ತೋರಿಸುತ್ತಿತ್ತು. ಹೆಂಡತಿ ಒಳಗೆ ಹೋಗಿ, ಹೊಸ ಪೈಪಿನ ಬಾಯಿಗೆ ಲೋಟ ಹಿಡಿದು ವಾಲ್ವು ತಿರುಗಿಸಿದಳು. ಹಂದಿಯ ಕತೆಯಷ್ಟೇ ವರ್ಷ ಸುಮ್ಮನಿದ್ದ ಆ ನಳಿಗೆ ಒಮ್ಮೆ ಕೆಮ್ಮಿತು. ಇನ್ನೊಮ್ಮೆ ಕೆಮ್ಮಿತು. ಆಮೇಲೆ ಬಾಗಿದ ಜಾಗದಲ್ಲಿ ಏನೋ ಕಳಚಿದ ಸದ್ದು, ಒಂದು ಸಿಡಿತ, ಸ್ಟೀಲ್ ಲೋಟದ ತಳಕ್ಕೆ "ಠಣ್" ಎಂದು ಬಡಿದ ದನಿ. ತನ್ನ ಜೀವಮಾನದಲ್ಲಿ ಅದು ಹಾರಿಸಿದ ಮೊದಲ ವಸ್ತು ಅದು, ಗುರಿ ತಪ್ಪಿರಲಿಲ್ಲ.

ಹೆಂಡತಿ ಹಜಾರಕ್ಕೆ ಬಂದು, ಲೋಟದಿಂದ ಎರಡು ಬೆರಳಲ್ಲಿ ಒಂದು ಬಿಳಿಯ ಗುಂಡಿಯನ್ನು ಎತ್ತಿ ಹಿಡಿದಳು. ಅದನ್ನು ನೋಡಿದಳು, ಗಂಡನ ಹೊಟ್ಟೆಯ ಮೇಲೆ ಬಾಯಿ ತೆರೆದಿದ್ದ ಅಂಗಿಯನ್ನು ನೋಡಿದಳು.

"ಬೆಳಿಗ್ಗೆಯಿಂದ ಮನೇಲೇ ಇದ್ರಿ," ಎಂದಳು. "ಒಂದು ಗುಂಡಿ ಹೊಲ್ಕೊಳ್ಳೋಕಾಗ್ಲಿಲ್ವಾ ನಿಮಗೆ?"